ಅಣ್ಣನ ತೂಕದ ಗಾಳಿಯಲ್ಲಿ ತಮ್ಮನ ಸವಾರಿ

ಪ್ರಶ್ನೆ: ನಾಪೋಕ್ಲು ಕಡೆ ನಮ್ಮದು ಸಣ್ಣ ಕಾಫಿ ತೋಟ. ಬೆಂಗಳೂರಿನ ಕೆಲಸವನ್ನು ಈಗ ಮನೆಯಿಂದಲೇ ಮಾಡುತ್ತಿದ್ದೇನೆ. ಎತ್ತರ 5 ಅಡಿ 8 ಇಂಚು, ತೂಕ 68 ಕೆಜಿ. ಏಳು ವರ್ಷದಿಂದ ಹೈಬ್ರಿಡ್ ಸೈಕಲ್ ತುಳಿಯುತ್ತಿದ್ದೇನೆ, ತೋಟದ ದಾರಿಗೆ ಮೌಂಟನ್ ಬೈಕ್ ತಗೊಳ್ಳೋಣ ಅಂತ ಎರಡನ್ನು ಓಡಿಸಿ ನೋಡಿದೆ. ಒಂದು, ದೊಡ್ಡಪ್ಪನ ಮಗ ಅಣ್ಣ ಹೋದ ತಿಂಗಳು ಕೊಂಡ 29 ಇಂಚಿನ ಚಕ್ರದ ಹಾರ್ಡ್‌ಟೇಲ್, ಅಂದರೆ ಹಿಂದೆ ಶಾಕ್ ಇಲ್ಲದ್ದು. ಮುಂದಿನ ಚಕ್ರಕ್ಕೆ 120 ಮಿ.ಮೀ. ಬಗ್ಗುವ ಏರ್ ಫೋರ್ಕ್. ನಮ್ಮ ತೋಟದಲ್ಲೇ ಅರ್ಧ ಗಂಟೆ ಓಡಿಸಿದೆ. ಏರಿನಲ್ಲಿ ಮುಂದಿನ ಚಕ್ರ ಕುಡುಕನ ಹಾಗೆ ಅತ್ತಿತ್ತ ಹೋಗುತ್ತದೆ. ಬೇರುಗಳ ಮೇಲೆ ಅಂಗೈ ಉರಿದುಹೋಯಿತು, ಶಾಕ್ ಇದೆಯೋ ಇಲ್ಲವೋ ಅನಿಸಿತು. ಇಳಿಜಾರಿನಲ್ಲಿ ಮಾತ್ರ ಯಾಕೋ ಹೆದರಿಕೆಯೇ ಆಗಲಿಲ್ಲ. ಇನ್ನೊಂದು, ಮೈಸೂರಿನ ಅಂಗಡಿಯಲ್ಲಿದ್ದ ಹೊಚ್ಚಹೊಸ ಫುಲ್ ಸಸ್ಪೆನ್ಶನ್, ಹಿಂದೆ ಮುಂದೆ ಎರಡೂ ಕಡೆ ಶಾಕ್. ಅಂಗಡಿ ಮುಂದಿನ ರಸ್ತೆಯಲ್ಲಿ ಹದಿನೈದು ನಿಮಿಷ ಓಡಿಸಿದೆ. ಸೋಫಾ ಮೇಲೆ ಕೂತ ಹಾಗಿತ್ತು, ಹಂಪ್‌ಗಳೇ ಗೊತ್ತಾಗಲಿಲ್ಲ. ಆದರೆ ತುಳಿಯುವಾಗ ದೋಣಿಯ ಹಾಗೆ ಕುಲುಕುತ್ತಿತ್ತು, ಬ್ರೇಕ್ ಅಷ್ಟಾಗಿ ಹಿಡಿಯಲಿಲ್ಲ. ಬೆಲೆ ಹೆಚ್ಚುಕಡಿಮೆ ಎರಡರಷ್ಟು. ಮೊದಲ ಸವಾರಿಯಲ್ಲಿ ಅನಿಸಿದ್ದನ್ನು ಎಷ್ಟು ನಂಬಬೇಕು? ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನನಗೆ ಬೇಕಾಗಿದ್ದದ್ದು ಒಂದೇ ಮಾಹಿತಿ: ನಿಮ್ಮಣ್ಣನ ತೂಕ ಎಷ್ಟು? ಕೇಳಿ ತಿಳಿದುಕೊಂಡೆ. ಆರಡಿ ಎತ್ತರ, 94 ಕೆಜಿ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು.

ಏರ್ ಫೋರ್ಕ್ ಅಂದರೆ ಒಳಗೆ ಉಕ್ಕಿನ ಸ್ಪ್ರಿಂಗ್ ಇಲ್ಲ, ಒತ್ತಿ ತುಂಬಿದ ಗಾಳಿಯೇ ಸ್ಪ್ರಿಂಗ್. ಎಷ್ಟು ಗಾಳಿ ಬೇಕು ಅನ್ನುವುದು ಸವಾರನ ತೂಕಕ್ಕೆ ಬಿಟ್ಟದ್ದು. ಪೆಡಲ್ ಮೇಲೆ ಸುಮ್ಮನೆ ನಿಂತರೂ ಫೋರ್ಕ್ ಒಂದಿಷ್ಟು ಕುಸಿಯಬೇಕು. ಇದಕ್ಕೆ ಸ್ಯಾಗ್ ಅನ್ನುತ್ತಾರೆ. ತೋಟದ ದಾರಿಗೆ ಫೋರ್ಕ್ ಬಗ್ಗಬಹುದಾದ ಒಟ್ಟು ಓಟದ ಶೇ. 20ರಿಂದ 25ರಷ್ಟು, ಅಂದರೆ 120 ಮಿ.ಮೀ. ಫೋರ್ಕಿನಲ್ಲಿ 24ರಿಂದ 30 ಮಿ.ಮೀ. ಸ್ಯಾಗ್ ಇದ್ದರೆ ಸರಿ. 94 ಕೆಜಿಗೆ ಅಂತ ತುಂಬಿಸಿದ ಗಾಳಿಯ ಮೇಲೆ 68 ಕೆಜಿಯವರು ಹತ್ತಿದರೆ ಅದೇಕೆ ಬಗ್ಗೀತು? ಬೇರು ಕೊಟ್ಟ ಏಟು ನೇರ ನಿಮ್ಮ ಅಂಗೈಗೆ ಬಂದಿದೆ. ಟೈರಿನ ಕಥೆಯೂ ಬಹುಶಃ ಇದೇ. ಅಣ್ಣ ತಮ್ಮ ತೂಕಕ್ಕೆ ಗಟ್ಟಿಯಾಗಿ ಗಾಳಿ ಹೊಡೆಸಿದ್ದಾರೆ, ನೀವು ಹೆಬ್ಬೆರಳಲ್ಲಿ ಒತ್ತಿ ನೋಡಿ "ಚೆನ್ನಾಗಿದೆ" ಅಂದುಕೊಂಡಿದ್ದೀರಿ.

ಏರಿನ ತೂರಾಟದಲ್ಲೂ ಈ ಗಾಳಿಗೆ ಪಾಲಿದೆ. ಫೋರ್ಕ್ ಕುಸಿಯದೆ ಇದ್ದರೆ ಸೈಕಲ್ಲಿನ ಮುಂಭಾಗ ಎತ್ತರದಲ್ಲೇ ಉಳಿಯುತ್ತದೆ, ನಿಮ್ಮ ಭಾರವೆಲ್ಲ ಹಿಂದಿನ ಚಕ್ರಕ್ಕೆ ಜಾರುತ್ತದೆ, ಮುಂದಿನದಕ್ಕೆ ನೆಲದ ಹಿಡಿತವೇ ಇರುವುದಿಲ್ಲ. ಆದರೆ ಪೂರ್ತಿ ತಪ್ಪನ್ನು ಗಾಳಿಯ ಮೇಲೆ ಹಾಕುವಂತಿಲ್ಲ. ಈಗಿನ ಟ್ರೇಲ್ ಸೈಕಲ್‌ಗಳ ಹೆಡ್ ಆ್ಯಂಗಲ್, ಅಂದರೆ ಹ್ಯಾಂಡಲ್ ಕೂರುವ ಕೊಳವೆ ನೆಲಕ್ಕೆ ವಾಲಿ ನಿಂತ ಕೋನ, ಸುಮಾರು 65ರಿಂದ 67 ಡಿಗ್ರಿ. ನಿಮ್ಮ ಹೈಬ್ರಿಡ್ಡಿನದು 70ರ ಆಸುಪಾಸು ಇರುತ್ತದೆ. ಕೋನ ಇಳಿದಷ್ಟೂ ಫೋರ್ಕ್ ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತದೆ. ವೇಗವಿದ್ದಾಗ ಅಂಥ ಚಕ್ರ ಹಿಡಿದ ದಾರಿ ಬಿಡುವುದಿಲ್ಲ. ಕೊರಕಲಿಗೆ ಬಿದ್ದರೂ ಸವಾರನನ್ನು ಹ್ಯಾಂಡಲ್ ಮೇಲಿಂದ ಎಸೆಯುವ ಸಂಭವ ಕಡಿಮೆ. ವೇಗ ಸತ್ತಾಗ ಮಾತ್ರ ಅದೇ ಚಕ್ರ ಮಗ್ಗುಲಿಗೆ ವಾಲುತ್ತದೆ. ಇಳಿಜಾರಿನಲ್ಲಿ ನಿಮಗೆ ಹೆದರಿಕೆ ಆಗದಿದ್ದದ್ದೂ ಏರಿನಲ್ಲಿ ಚಕ್ರ ಕುಡುಕನಾದದ್ದೂ ಒಂದೇ ಕಾರಣಕ್ಕೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡಲು ಬರುವುದಿಲ್ಲ, ಅಭ್ಯಾಸದಿಂದ ಪಳಗಿಸಿಕೊಳ್ಳಬಹುದು.

ಹೇಗೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಏರು ಶುರುವಾಗುವ ಮುಂಚೆಯೇ ಸೀಟಿನ ಮೂತಿಗೆ ಸರಿದು ಕೂರಿ. ಮೊಣಕೈ ಬಗ್ಗಿಸಿ, ಎದೆಯನ್ನು ಹ್ಯಾಂಡಲ್ ಕಡೆಗೆ ತಗ್ಗಿಸಿ. ಹ್ಯಾಂಡಲನ್ನು ಮೇಲಕ್ಕೆ ಎಳೆಯಬೇಡಿ, ಹಿಂದಕ್ಕೂ ಕೆಳಕ್ಕೂ ಎಳೆಯಿರಿ. ಪಕ್ಕದ ಸಿಲ್ವರ್ ಓಕ್ ಮರವನ್ನು ನೋಡಲೇಬೇಡಿ, ನೋಡಿದ ಕಡೆಗೇ ಸೈಕಲ್ ಹೋಗುತ್ತದೆ. ಇನ್ನೊಂದು, ಏರು ಕಂಡ ಕೂಡಲೇ ಕಟ್ಟಕಡೆಯ ಗೇರಿಗೆ ಹಾಕುವ ಚಟ ಹೊಸಬರಿಗೆಲ್ಲ ಇರುತ್ತದೆ. ಮುಂದೆ 32 ಹಲ್ಲು, ಹಿಂದೆ 51 ಹಲ್ಲು ಇರುವ ಸೈಕಲ್ ಆದರೆ ಆ ಗೇರಿನಲ್ಲಿ ಒಂದು ಸುತ್ತು ತುಳಿದಾಗ ಸೈಕಲ್ ಮುಂದೆ ಹೋಗುವುದು ಸುಮಾರು ಒಂದೂವರೆ ಮೀಟರ್ ಮಾತ್ರ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 5 ಕಿ.ಮೀ. ಚಿಲ್ಲರೆ. ಆ ವೇಗದಲ್ಲಿ ಯಾವ ಸೈಕಲ್ಲಾದರೂ ತೂರಾಡುತ್ತದೆ. ಒಂದೆರಡು ಗೇರು ಗಟ್ಟಿ ಇಟ್ಟುಕೊಂಡು ಹತ್ತಿ ನೋಡಿ, ಸಾಲು ತಾನಾಗಿ ನೆಟ್ಟಗಾಗುತ್ತದೆ.

ಇನ್ನು ಮೈಸೂರಿನ ಸೋಫಾ. ಅಂಗಡಿಯಲ್ಲಿ ನಿಂತಿರುವ ಸೈಕಲ್ಲಿನ ಹಿಂದಿನ ಶಾಕಿನಲ್ಲಿ ಇರುವ ಗಾಳಿ ಯಾರಿಗೋ ಆದದ್ದು, ಅಥವಾ ಯಾರಿಗೂ ಅಲ್ಲದ್ದು. ಮೆತ್ತಗಿದ್ದರೆ ಡಾಂಬರಿನ ಮೇಲೆ ಆಹಾ ಅನಿಸುತ್ತದೆ, ಅದಕ್ಕಿಂತ ಮೋಸದ ಪರೀಕ್ಷೆ ಇನ್ನೊಂದಿಲ್ಲ. ಅದೇ ಮೆತ್ತನೆ ಶಾಕನ್ನು ನಾಪೋಕ್ಲಿಗೆ ತಂದರೆ ಮಳೆನೀರು ಕೊರೆದ ಮೊದಲ ಕೊರಕಲಿನಲ್ಲೇ ತಳ ಮುಟ್ಟಿ ದಡಕ್ಕನ್ನುತ್ತದೆ. ಸೈಕಲ್ ಕುಸಿದು ಕೂತದ್ದಕ್ಕೆ ಪೆಡಲ್ಲು ಕಲ್ಲಿಗೆ, ಬೇರಿಗೆ ಬಡಿಯುತ್ತದೆ. ಹಿಂದಿನ ಶಾಕಿಗೆ ಶೇ. 25ರಿಂದ 30 ಸ್ಯಾಗ್ ಸಾಕು. ಶಾಕಿನ ಕೊಳವೆ 50 ಮಿ.ಮೀ. ಓಡುವಂಥದ್ದಾದರೆ 13ರಿಂದ 15 ಮಿ.ಮೀ. ಸರಿಯಾಗಿ ಗಾಳಿ ತುಂಬಿಸಿದ್ದರೆ ದೋಣಿಯ ಕುಲುಕಾಟ ಅರ್ಧಕ್ಕರ್ಧ ಇಳಿದಿರುತ್ತಿತ್ತು, ಜೊತೆಗೆ ಆ ಸೋಫಾ ಕೂಡ.

ಅಂದರೆ ನೀವು ಹೋಲಿಸಿದ್ದು ಎರಡು ಸೈಕಲ್‌ಗಳನ್ನಲ್ಲ. ತೋಟದ ದಾರಿಯನ್ನೂ ಮೈಸೂರಿನ ಡಾಂಬರನ್ನೂ, ಅಣ್ಣನ ಗಾಳಿಯನ್ನೂ ಅಂಗಡಿಯವರ ಗಾಳಿಯನ್ನೂ ಹೋಲಿಸಿದ್ದೀರಿ.

ಬ್ರೇಕ್ ಹಿಡಿಯಲಿಲ್ಲ ಅಂದಿರಲ್ಲ, ಅದಕ್ಕೂ ಸೈಕಲ್ಲನ್ನು ಬೈಯಬೇಡಿ. ಹೊಸ ಡಿಸ್ಕ್ ಬ್ರೇಕು ಪೆಟ್ಟಿಗೆಯಿಂದ ತೆಗೆದ ದಿನ ಹಿಡಿಯುವುದೇ ಇಲ್ಲ. ಪ್ಯಾಡಿನ ಪುಡಿ ತೆಳ್ಳಗೆ, ಸಮನಾಗಿ ಡಿಸ್ಕಿಗೆ ಮೆತ್ತಿಕೊಳ್ಳಬೇಕು. ಅದಕ್ಕೆ ವಾಹನವಿಲ್ಲದ ಇಳಿಜಾರಿನಲ್ಲಿ ಗಂಟೆಗೆ 20-25 ಕಿ.ಮೀ. ವೇಗಕ್ಕೆ ಬಂದು, ಚಕ್ರ ಕಚ್ಚಿ ನಿಲ್ಲದ ಹಾಗೆ ಗಟ್ಟಿಯಾಗಿ ಹಿಡಿದು ನಡಿಗೆಯ ವೇಗಕ್ಕೆ ಇಳಿಸಬೇಕು. ಮುಂದಿನದಕ್ಕೆ ಹದಿನೈದಿಪ್ಪತ್ತು ಸಲ, ಹಿಂದಿನದಕ್ಕೆ ಅಷ್ಟೇ ಸಲ. ಆಮೇಲೆ ಒಂದು ಬೆರಳು ಸಾಕಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು: ನಮ್ಮಲ್ಲಿ ಬಲಗೈ ಲಿವರು ಮುಂದಿನ ಬ್ರೇಕು. ಹೊರದೇಶದ ಪದ್ಧತಿಯಲ್ಲಿ ಜೋಡಿಸಿ ಬಂದ ಸೈಕಲ್‌ಗಳಲ್ಲಿ ಎಡಗೈದು ಮುಂದಿನದಾಗಿರುತ್ತದೆ. ಅಂಗಡಿ ಮುಂದೆ ತಳ್ಳಿಕೊಂಡೇ ಒಮ್ಮೆ ಹಿಡಿದು ನೋಡಿ, ಆಮೇಲೆ ಹತ್ತಿ.

(ಬ್ರೇಕಿನ ವಿಷಯ ಬಂದಾಗಲೆಲ್ಲ ನನಗೆ ಈ ಆಟದ ಹುಟ್ಟು ನೆನಪಾಗುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ಟ್ಯಾಮಲ್ಪಾಯಸ್ ಬೆಟ್ಟದ ಪಕ್ಕದ ಮಣ್ಣುದಾರಿಯಲ್ಲಿ ಒಂದಷ್ಟು ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಇಳಿಜಾರಿನ ರೇಸ್ ಶುರುಮಾಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಸಲ ಕೆಳಗಿಳಿಯುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಿತ್ತು. ಆ ದಾರಿಗೆ ಹೆಸರೇ 'ರೀಪ್ಯಾಕ್' ಅಂತ ಬಿತ್ತು. ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಮೌಂಟನ್ ಬೈಕಿಂಗ್ ಒಲಿಂಪಿಕ್ಸ್ ಸೇರಿತು.)

ಹಾಗಾದರೆ ಮೊದಲ ಸವಾರಿಯಲ್ಲಿ ನಂಬುವಂಥದ್ದು ಏನೂ ಇಲ್ಲವೇ? ಇದೆ. ನನ್ನ ಲೆಕ್ಕ ಸರಳ: ಪಂಪು ಮತ್ತು ಅಲೆನ್ ಕೀಯಿಂದ ಬದಲಾಗುವುದನ್ನೆಲ್ಲ ಮೊದಲ ದಿನ ಮರೆತುಬಿಡಿ, ಅವುಗಳಿಂದ ಬದಲಾಗದ್ದನ್ನು ಮಾತ್ರ ಗಂಭೀರವಾಗಿ ತಗೊಳ್ಳಿ. ಮೆತ್ತಗೆ, ಗಟ್ಟಿ, ಕುಲುಕಾಟ, ಸೀಟಿನ ನೋವು, ಲಿವರು ಬೆರಳಿಗೆ ದೂರವಾಗುವುದು ಎಲ್ಲ ಮೊದಲ ಗುಂಪು. ಫ್ರೇಮಿನ ಉದ್ದ, ಕೋನ, ಒಟ್ಟು ತೂಕ, ಚಕ್ರದ ಆ್ಯಕ್ಸಲ್ ಎರಡನೆಯದು. ಫ್ರೇಮು ಉದ್ದವಾಯಿತು ಅಂತ ನಿಮಗೆ ಅನಿಸಿದ್ದರೆ ಅದು ನಿಜ. ಆರಡಿ ಅಣ್ಣನದು ಎಲ್ ಸೈಜ್ ಇರಬೇಕು, ನಿಮ್ಮ ಎತ್ತರಕ್ಕೆ ಬಹುತೇಕ ಕಂಪನಿಗಳಲ್ಲಿ ಎಂ ಸಾಕು. ಕೂತು ಅಳೆಯಬೇಡಿ. ಎರಡು ಪೆಡಲ್ ಸಮಮಟ್ಟದಲ್ಲಿಟ್ಟು, ಮಂಡಿ ಮೊಣಕೈ ಸ್ವಲ್ಪ ಬಗ್ಗಿಸಿ ನಿಲ್ಲಿ. ಇಳಿಜಾರಿನಲ್ಲಿ ನೀವು ಇರುವುದು ಹಾಗೆಯೇ. ಆ ನಿಲುವಿನಲ್ಲಿ ಕೈ ಚಾಚಿ ಬಿಗಿದಂತಾದರೆ ಆ ಸೈಕಲ್ ದೊಡ್ಡದು.

ಈ ಲೆಕ್ಕ ನನಗೆ ಸುಮ್ಮನೆ ಬಂದದ್ದಲ್ಲ. ನಾನು ಮೊದಲ ಮೌಂಟನ್ ಬೈಕ್ ಕೊಳ್ಳುವಾಗ ಒಂದು ಒಳ್ಳೆಯ ಹಾರ್ಡ್‌ಟೇಲನ್ನು ಹತ್ತೇ ನಿಮಿಷದಲ್ಲಿ ಬೇಡ ಅಂದಿದ್ದೆ. ಟೈರಿನಲ್ಲಿ 50 ಪಿಎಸ್‌ಐ ಗಾಳಿ ಇತ್ತು ಅಂತ ಆಮೇಲೆ ತಿಳಿಯಿತು. ಅದರ ಬದಲಿಗೆ ತಂದದ್ದು ಪಕ್ಕದಲ್ಲಿ ನಿಂತಿದ್ದ, ಒತ್ತಿದರೆ ಮೆತ್ತಗೆ ಬಗ್ಗುವ, ಉಕ್ಕಿನ ಸ್ಪ್ರಿಂಗಿನ ಕಾಯಿಲ್ ಫೋರ್ಕಿನದು. ಅಂಗಡಿಯವ ಫೋರ್ಕನ್ನು ಮೂರು ಸಲ ಒತ್ತಿ ತೋರಿಸಿದ, ನಾನು ಸೋತೆ. ಒಂದೇ ಮಳೆಗಾಲ. ಆಗಸ್ಟ್ ಹೊತ್ತಿಗೆ ಆ ಫೋರ್ಕ್ ಒಳಗೆ ನೀರು ಕುಡಿದು ತುಕ್ಕು ಹಿಡಿದು, ಒತ್ತಿದರೆ ಕೆಳಗೆ ಹೋಗಿ ಮೇಲೆ ಬರಲು ಯೋಚನೆ ಮಾಡುತ್ತಿತ್ತು. ಹಿಂದಿನ ಆ್ಯಕ್ಸಲ್ಲು ಬಗ್ಗಿತು, ಯಾಕೆಂದರೆ ಗೇರುಚಕ್ರ ಹಬ್ಬಿಗೆ ತಿರುಪಿ ಕೂರಿಸುವ ಹಳೆ ತರಹದ ಫ್ರೀವೀಲು. ಅದರಲ್ಲಿ ಬೇರಿಂಗು ಒಳಗೆಲ್ಲೋ ಇರುತ್ತದೆ, ಆ್ಯಕ್ಸಲ್ಲಿನ ಉಳಿದ ಭಾಗಕ್ಕೆ ಆಸರೆಯೇ ಇಲ್ಲ. ನೀವು ನೋಡುವ ಸೈಕಲ್ಲು ಬೇರಿಂಗು ಅಂಚಿನ ಹತ್ತಿರವೇ ಇರುವ ಕ್ಯಾಸೆಟ್ ಹಬ್ಬಿನದೇ ಅಂತ ಖಚಿತ ಮಾಡಿಕೊಳ್ಳಿ. ಹಬ್ಬಿನ ಮೂಲಕ ತೂರಿಸಿ ಫ್ರೇಮಿಗೆ ಬಿಗಿಯುವ ದಪ್ಪ ಥ್ರೂ ಆ್ಯಕ್ಸಲ್ ಇದ್ದರೆ ಇನ್ನೂ ಒಳ್ಳೆಯದು. ಇವೆರಡನ್ನೂ ಓಡಿಸದೆಯೇ, ಕೂತು ನೋಡಿಯೇ ಹೇಳಬಹುದು.

ಈಗ ಅಣ್ಣನ ಸೈಕಲನ್ನು ಇನ್ನೊಂದು ದಿನದ ಮಟ್ಟಿಗೆ ಕೇಳಿ ತನ್ನಿ. ಜೊತೆಗೆ ಶಾಕ್ ಪಂಪನ್ನೂ ಕೇಳಿ. ಟೈರಿಗೆ ಹೊಡೆಯುವ ಪಂಪು ಫೋರ್ಕಿಗೆ ಆಗುವುದಿಲ್ಲ. ಮೊದಲು ಈಗ ಎಷ್ಟು ಗಾಳಿ ಇದೆ ಅಂತ ನೋಡಿ ಬರೆದಿಟ್ಟುಕೊಳ್ಳಿ. ಅನೇಕ ಫೋರ್ಕ್‌ಗಳ ಕಾಲಿನ ಹಿಂಬದಿಯಲ್ಲಿ ಇಷ್ಟು ತೂಕಕ್ಕೆ ಇಷ್ಟು ಗಾಳಿ ಅನ್ನುವ ಪಟ್ಟಿ ಅಂಟಿಸಿರುತ್ತಾರೆ, ಅಲ್ಲಿಂದ ಶುರುಮಾಡಿ. ನೀರಿನ ಬಾಟಲಿ, ಬ್ಯಾಗು, ಹೆಲ್ಮೆಟ್ ಸಮೇತ ಪೆಡಲ್ ಮೇಲೆ ನಿಂತು, ಫೋರ್ಕಿನ ಕೊಳವೆ ಮೇಲಿನ ರಬ್ಬರ್ ಉಂಗುರವನ್ನು ಸೀಲಿನ ತನಕ ತಳ್ಳಿಸಿ. ಮನೆಯವರು ಯಾರಾದರೂ ಸೈಕಲ್ ಹಿಡಿದುಕೊಂಡರೆ ಸುಲಭ. ಕುಲುಕದೆ ಇಳಿದು ಉಂಗುರ ಎಷ್ಟು ಸರಿದಿದೆ ಅಂತ ಅಳೆಯಿರಿ. ಟ್ಯೂಬ್ ಇರುವ 2.3-2.4 ಇಂಚಿನ ಟೈರಾದರೆ ನಿಮ್ಮ ತೂಕಕ್ಕೆ ಮುಂದೆ 26-27, ಹಿಂದೆ 29-30 ಪಿಎಸ್‌ಐ ಹಾಕಿ ನೋಡಿ. ಟ್ಯೂಬ್‌ಲೆಸ್ ಆದರೆ ಇನ್ನೂ ಮೂರು ನಾಲ್ಕು ಕಡಿಮೆ ಮಾಡಬಹುದು. ಇದಕ್ಕಿಂತ ಇಳಿಸಿದರೆ ಕಲ್ಲಿಗೆ ರಿಮ್ ತಾಗುವ ಸದ್ದು ಕೇಳುತ್ತೀರಿ.

ಮೊದಲ ಹತ್ತು ನಿಮಿಷ ಕಾಫಿ ಕಣದಲ್ಲಿ. ಕಣದ ಹಾಗೆ ಸಮತಟ್ಟು ಜಾಗ ತೋಟದಲ್ಲಿ ಬೇರೆಲ್ಲೂ ಸಿಗುವುದಿಲ್ಲ, ಕೊಯ್ಲು ಶುರುವಾಗುವ ತನಕ ಖಾಲಿಯೂ ಇರುತ್ತದೆ. ನಡಿಗೆಯ ವೇಗದಲ್ಲಿ ಎಂಟಂಕಿ ಹಾಕಿ. ಅಗಲವಾದ ಹ್ಯಾಂಡಲ್ ವಿಚಿತ್ರ ಅನಿಸುವುದು ಇಲ್ಲೇ, ಮರೆತುಹೋಗುವುದೂ ಇಲ್ಲೇ. ಕಣದ ಅಂಚಿನಿಂದ, ಒಂದು ಗೇಣು ಎತ್ತರವಿದ್ದರೆ ಸಾಕು, ಕೂತುಕೊಂಡೇ ಕೆಳಗಿಳಿಸಿ. ಫೋರ್ಕ್ ಒಮ್ಮೆ ಬಗ್ಗಿ, ಎದ್ದು, ಸುಮ್ಮನಾಗಬೇಕು. ಎರಡು ಮೂರು ಸಲ ಪುಟಿದರೆ ಕೆಳಗಿನ ಕೆಂಪು ಗುಂಡಿಯನ್ನು ನಿಧಾನದ ಕಡೆಗೆ ಒಂದೆರಡು ಕ್ಲಿಕ್ ತಿರುಗಿಸಿ. ರಿಬೌಂಡ್ ಅನ್ನುವುದು ಇದನ್ನೇ. ಫೋರ್ಕ್ ಬಗ್ಗದಂತೆ ಕಟ್ಟಿಹಾಕುವ ಲಾಕ್‌ಔಟ್ ಅನ್ನು ಮುಟ್ಟಬೇಡಿ. ಅಂಗಡಿಯವರು ಹೆಮ್ಮೆಯಿಂದ ತೋರಿಸುವುದು ಅದನ್ನೇ, ಮಣ್ಣುದಾರಿಯಲ್ಲಿ ಅದರ ಕೆಲಸ ಕಮ್ಮಿ.

ಆಮೇಲೆ ಹೋದ ಸಲ ಹೋದ ಅದೇ ಏರು, ಅದೇ ಬೇರು, ಅದೇ ಇಳಿಜಾರು. ಬೇರೆ ದಾರಿಗೆ ಹೋಗಬೇಡಿ, ಮತ್ತೆ ದಾರಿಯನ್ನೇ ಹೋಲಿಸಿದಂತಾಗುತ್ತದೆ. ಮೂರು ಸುತ್ತು ಹಾಕಿ. ಮೊದಲ ಸುತ್ತಿನ ಅಭಿಪ್ರಾಯ ಬಿಟ್ಟುಬಿಡಿ, ಮೂರನೆಯದರದ್ದು ಇಟ್ಟುಕೊಳ್ಳಿ. ತುಲಾ ಸಂಕ್ರಮಣ ಕಳೆದ ಮೇಲಿನ ದಿನಗಳು ಇದಕ್ಕೆ ಒಳ್ಳೆಯವು. ಮಣ್ಣು ಇನ್ನೂ ತೇವವಾಗಿ ಗಟ್ಟಿಯಾಗಿರುತ್ತದೆ, ನೆರಳಿನ ಕಡೆ ಪಾಚಿಯೂ ಸಿಗುತ್ತದೆ. ಜನವರಿಯ ಪುಡಿ ಧೂಳಿನಲ್ಲಿ, ಜುಲೈಯ ಜೇಡಿಯಲ್ಲಿ ಯಾವ ಟೈರೂ ತನ್ನ ನಿಜ ಹೇಳುವುದಿಲ್ಲ. ಪಾಚಿ ಹಿಡಿದ ಬೇರನ್ನು ಅಡ್ಡಕ್ಕೆ ಸೀಳಿಕೊಂಡು ದಾಟಿ, ಓರೆಯಾಗಿ ಹತ್ತಿದರೆ 120 ಮಿ.ಮೀ. ಅಲ್ಲ, 200 ಇದ್ದರೂ ನೆಲ ಕಾಣುತ್ತೀರಿ. ಬೆಳಿಗ್ಗೆ ಎಂಟರ ಮುಂಚೆ, ಸಂಜೆ ಐದರ ನಂತರ ಒಳತೋಟಕ್ಕೆ ಹೋಗಬೇಡಿ. ಮೋಟಾರ್ ಬೈಕಾದರೆ ಸದ್ದಿಗೆ ಆನೆ ಎಚ್ಚರಾಗುತ್ತದೆ, ಸೈಕಲ್ಲಿಗೆ ಸದ್ದೇ ಇಲ್ಲ. ತಿರುವಿನಲ್ಲಿ ಇಬ್ಬರಿಗೂ ಒಟ್ಟಿಗೆ ಗೊತ್ತಾಗುವುದು ಒಳ್ಳೆಯದಲ್ಲ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಯಾವ ಕಡೆ ಆನೆ ಇಳಿದಿದೆ ಅಂತ ಕೇಳಿಕೊಂಡೇ ಹೊರಡಿ.

ಯಾವುದನ್ನು ಕೊಳ್ಳಲಿ ಅಂದಿರಿ. ನನ್ನ ಕೇಳಿದರೆ ಹಾರ್ಡ್‌ಟೇಲ್, ಎಂ ಸೈಜಿನಲ್ಲಿ. ಫುಲ್ ಸಸ್ಪೆನ್ಶನ್ ಕೆಟ್ಟದ್ದು ಅಂತಲ್ಲ. ಮಾಂದಲಪಟ್ಟಿಯ ಜೀಪುದಾರಿಯಂಥ ಕಲ್ಲುಗುಂಡಿಯಲ್ಲಿ ವಾರವಾರ ಇಳಿಯುವವರಿಗೆ, ಸೊಂಟನೋವು ಇರುವವರಿಗೆ ಅದು ಬೇಕೇ ಬೇಕು. ಆದರೆ ಅದರ ಫ್ರೇಮಿನ ಒಂದೊಂದು ಕೀಲಿನಲ್ಲೂ ಬೇರಿಂಗ್ ಇದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕೆಂಪುನೀರು ಅಲ್ಲಿಗೆಲ್ಲ ನುಗ್ಗುತ್ತದೆ. ಕೀಲು ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಕೂರಿಸುವ ಕೆಲಸ ನಿಮಗೆ ಬರದಿದ್ದರೆ ಪ್ರತಿ ವರ್ಷ ಮೈಸೂರಿನ ದಾರಿ ಹಿಡಿಯಬೇಕು. ಹಾರ್ಡ್‌ಟೇಲ್‌ನಲ್ಲಿ ಆ ರಗಳೆ ಫೋರ್ಕಿಗೆ ಮುಗಿಯುತ್ತದೆ. ಫೋರ್ಕಿನ ಕೆಳಗಿನ ಕಾಲುಗಳ ಎಣ್ಣೆಯನ್ನು 50 ಗಂಟೆ ಓಟಕ್ಕೊಮ್ಮೆ ಬದಲಾಯಿಸಿ ಅನ್ನುವ ಕಂಪನಿಗಳೂ ಇವೆ, ಮಳೆಗಾಲ ಮುಗಿದ ಕೂಡಲೇ ಒಮ್ಮೆಯಾದರೂ ಮಾಡಿಸಿ.

ಉಳಿದ ಹಣದಲ್ಲಿ ಮೊದಲು ಟ್ಯೂಬ್‌ಲೆಸ್ ಮಾಡಿಸಿ, ಮುಳ್ಳಿನ ಬೇಲಿಗಳ ಊರಿನಲ್ಲಿ ಅದು ಶೋಕಿಯಲ್ಲ. ಎರಡನೆಯದು ಡ್ರಾಪರ್ ಸೀಟ್‌ಪೋಸ್ಟ್, ಓಡಿಸುತ್ತಲೇ ಲಿವರು ಒತ್ತಿ ಸೀಟು ಇಳಿಸಿ ಏರಿಸುವ ಕಂಬ. ಏರಿನಲ್ಲಿ ಸೀಟು ಎತ್ತರ ಬೇಕು, ಇಳಿಜಾರಿನಲ್ಲಿ ಅಡ್ಡ ಬರಬಾರದು. ನಮ್ಮ ತೋಟಗಳಲ್ಲಿ ಏರು ಇಳಿಜಾರು ಎರಡೂ ಐದೈದು ನಿಮಿಷಕ್ಕೆ ಬದಲಾಗುತ್ತವೆ, ಪ್ರತಿ ಸಲ ಇಳಿದು ಸೀಟು ತಗ್ಗಿಸುವ ತಾಳ್ಮೆ ಯಾರಿಗಿದೆ? ಮೂರನೆಯದು ಲೋಹದ ಪುಡಿಯ ಸಿಂಟರ್ಡ್ ಪ್ಯಾಡು. ಮಣ್ಣುನೀರಿನಲ್ಲಿ ಅಂಟಿನಿಂದ ಕಟ್ಟಿದ ರೆಸಿನ್ ಪ್ಯಾಡು ಬೆಣ್ಣೆಯ ಹಾಗೆ ಸವೆಯುತ್ತದೆ. ಕೊಳ್ಳುವ ಮುಂಚೆ ಡಿಸ್ಕಿನ ಮೇಲೆ ಅಚ್ಚು ಹಾಕಿದ ಸಣ್ಣ ಅಕ್ಷರ ಓದಿ. 'ರೆಸಿನ್ ಪ್ಯಾಡ್ ಓನ್ಲಿ' ಅಂತ ಇದ್ದರೆ ಸಿಂಟರ್ಡ್ ಹಾಕಬಾರದು, ಡಿಸ್ಕನ್ನೂ ಬದಲಾಯಿಸಬೇಕಾಗುತ್ತದೆ, ಆ ಖರ್ಚನ್ನು ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.

ಸೈಕಲ್ ವಾಪಸ್ ಕೊಡುವಾಗ ಮಾತ್ರ ಬರೆದಿಟ್ಟುಕೊಂಡ ಅಂಕಿ ನೋಡಿ ಫೋರ್ಕಿಗೂ ಟೈರಿಗೂ ಮೊದಲಿದ್ದಷ್ಟೇ ಗಾಳಿ ತುಂಬಿಸಿ ಕೊಡಿ. ನಿಮ್ಮ 68 ಕೆಜಿಯ ಗಾಳಿಯಲ್ಲಿ 94 ಕೆಜಿಯ ಅಣ್ಣ ಕೊರಕಲಿಗೆ ಇಳಿದರೆ ಮುಂದಿನ ಪತ್ರ ಅವರದ್ದೇ ಬರುತ್ತದೆ.